ಚುಕ್ಕಿ ಇಟ್ಟ ಫೋಲ್ಡರುಗಳು

ನಾನು ಯಂತ್ರಗಳ ಕೈಪಿಡಿಗಳನ್ನು ಅನುವಾದಿಸುವವನು. ಒಂಬತ್ತು ವರ್ಷದಲ್ಲಿ, ಕೆಲಸ ಕೊಡುವ ಏಜೆನ್ಸಿಯವರು ನನ್ನ ಒಂದೇ ಒಂದು ತಪ್ಪನ್ನು ಎತ್ತಿ ತೋರಿಸಿಲ್ಲ. ಈ ಮಾತನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತೇನೆ, ಎರಡನೇ ಸಲ ಬಂದವರಿಗೂ ಹೇಳುತ್ತೇನೆ. ಮುಗಿದದ್ದನ್ನು ಮೇಲ್ ಮಾಡುವ ಗುಮಾಸ್ತಗಿರಿ ಮಾತ್ರ ಹೆಂಡತಿಯದು.

ಭಾನುವಾರ ನಾದಿನಿ ಬಂದು, ತೆವಳುತ್ತಿದ್ದ ಕಂಪ್ಯೂಟರಿನಿಂದ ಹಳೆಯ ಆಪರೇಟಿಂಗ್ ಸಿಸ್ಟಮ್ ಕಿತ್ತುಹಾಕಿ ಹೊಸದೊಂದನ್ನು ಹಾಕಿಕೊಟ್ಟಳು. ಶನಿವಾರ ನಾನು ಮುಗಿಸಿದ್ದ ಗೀಸರಿನ ಕೈಪಿಡಿ ಸೋಮವಾರ ನಾಲ್ಕು ಗಂಟೆಯೊಳಗೆ ಹೋಗಬೇಕಿತ್ತು. ಮಧ್ಯಾಹ್ನ ಕೂತು ನೋಡಿದರೆ ಅದರ ಫೋಲ್ಡರೇ ಇಲ್ಲ. ಗೀಸರ್ ಒಂದೇ ಅಲ್ಲ, ಮುಖ್ಯವಾದದ್ದೆಲ್ಲ ಮಾಯ. ಹೋದ ವರ್ಷದ ಕರೆಂಟ್ ಬಿಲ್ಲು, ಯಾರೋ ಕಳಿಸಿದ್ದ ಗುಲಾಬಿ ಹೂವಿನ ಶುಭೋದಯ ಮಾತ್ರ ಕೂದಲೂ ಕೊಂಕದೆ ಉಳಿದಿದ್ದವು.

ನನ್ನ ಪಿತ್ತ ನೆತ್ತಿಗೇರಿತು. "ನಿನ್ನ ತಂಗಿ ನನ್ನ ಹೊಟ್ಟೆ ಮೇಲೆ ಹೊಡೆದ್ಳು!"

"ಕೂಗಾಡ್ಬೇಡಿ," ಎಂದಳು ಹೆಂಡತಿ. "ನೀವೊಂದು ಸುತ್ತು ಓಡಾಡ್ಕೊಂಡು ಬನ್ನಿ, ಅಷ್ಟರಲ್ಲಿ ನಾನು ಹುಡುಕಿಡ್ತೀನಿ."

ಸುಡುವ ಬಿಸಿಲು. ಆದರೂ ಮೂರು ಸಲ ಅದನ್ನೇ ಹೇಳಿದಳು. ನಾನು ಜಗ್ಗಲಿಲ್ಲ. ನಾದಿನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಭಾವ, ಫೋಲ್ಡರ್ ಹೆಸರಿನ ಮುಂದೆ ಏನಾದ್ರೂ ಹಾಕ್ತಿದ್ರಾ?"

"ಚುಕ್ಕಿ. ಚುಕ್ಕಿ ಇಟ್ರೆ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಬರುತ್ತೆ. ಮುಖ್ಯವಾದದ್ದಕ್ಕೆಲ್ಲ ಇಟ್ಟಿದ್ದೀನಿ."

"ಹಾಗಾದ್ರೆ ಎಲ್ಲಾ ಅಲ್ಲೇ ಇದೆ. ಈ ಸಿಸ್ಟಮ್‌ನಲ್ಲಿ ಚುಕ್ಕಿ ಇಟ್ರೆ ಅದನ್ನ ಬಚ್ಚಿಡು ಅಂತ. ಅಕ್ಕ ಹೇಳ್ಲಿಲ್ವಾ? ಇದ್ರಲ್ಲೂ ಫೋಲ್ಡರ್ ಬಚ್ಚಿಡೋದು ಹೇಗೆ ಅಂತ ನಿನ್ನೆ ತಾನೇ ನನ್ನ ಹತ್ರ ಕೇಳಿ ತಿಳ್ಕೊಂಡ್ಳಲ್ಲ!"

ಸೆಟ್ಟಿಂಗ್ಸಿನಲ್ಲಿ ಬಚ್ಚಿಟ್ಟದ್ದನ್ನು ತೋರಿಸುವ ಕಡೆ ಒಂದು ಟಿಕ್ ಹಾಕಿದೆ. ನನ್ನ ಫೋಲ್ಡರುಗಳೆಲ್ಲ ಸಾಲಾಗಿ ಬಂದು ನಿಂತವು. ಜೊತೆಗೆ ನಾನು ಇಡದ ಒಂದು. ಮೊದಲು ಚುಕ್ಕಿ, ಆಮೇಲೆ ಹೆಸರು: 'ತಿದ್ದಿದ್ದು'.

ಒಳಗೆ ನನ್ನವೇ ಕೈಪಿಡಿಗಳು, ಒಂಬತ್ತು ವರ್ಷದವು. ವಾಷಿಂಗ್ ಮೆಷಿನ್ನಿನದನ್ನು ತೆರೆದೆ. ನಾನು ಬರೆದದ್ದು: "ಹಿಂಬದಿಯ ಮುಚ್ಚಳ ಬಿಚ್ಚಿ ತಂತಿಯನ್ನು ಕೈಯಿಂದ ಎಳೆಯಿರಿ." ಅದರ ಮೇಲೆ ಕೆಂಪು ಅಕ್ಷರದಲ್ಲಿ, ನಾನು ಬಿಟ್ಟೇಬಿಟ್ಟಿದ್ದ ಸಾಲು: "ಮೊದಲು ವಿದ್ಯುತ್ ಸಂಪರ್ಕ ತೆಗೆಯಿರಿ." ಕೆಂಪಿಲ್ಲದ ಪುಟ ಹುಡುಕಿದೆ. ಸಿಕ್ಕಿದ್ದು ಮುಖಪುಟ. ಏಜೆನ್ಸಿಗೆ ಹೋಗುತ್ತಿದ್ದದ್ದು ಇವೇ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಪರದೆಯ ಮೇಲಿದ್ದದ್ದು ಅವಳಿಗೂ ಕಾಣುತ್ತಿತ್ತು.

"ಗೀಸರಿನದು?" ಎಂದೆ.

"ಇನ್ನೂ ನೋಡಿಲ್ಲ. ಶನಿವಾರದಿಂದ ನೀವು ಮನೆ ಬಿಟ್ಟು ಅಲ್ಲಾಡಿಲ್ಲವಲ್ಲ."

ಗಂಟೆ ಎರಡೂವರೆ. ತಪ್ಪಿದ್ದವನಿಗೇ ಸಿಟ್ಟು ಹೆಚ್ಚು, ನನಗೂ ಬಂತು. "ಇಷ್ಟು ವರ್ಷದಲ್ಲಿ ಒಂದ್ಸಲ ಹೇಳ್ಬಾರದಾಗಿತ್ತಾ?"

"ಹೇಳಿದ್ದೆ. ಮೊದಲನೇ ವರ್ಷ, ಇಸ್ತ್ರಿ ಪೆಟ್ಟಿಗೆಯದ್ದು. ಆರು ದಿನ ಮಾತು ಬಿಟ್ರಿ," ಎಂದಳು. "ಅದಕ್ಕಿಂತ ತಿದ್ದೋದೇ ಸುಲಭ ಅನ್ನಿಸ್ತು."

ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟೆ.