ಪುಟ್ಟತಾಯಿ ಮಡಚಿ ತಂದ ಹಸಿರು ಪರದೆ

ನಾನು ಒಂದು ಪರದೆ. ಆಸ್ಪತ್ರೆಗಳಲ್ಲಿ ಮಂಚದ ಸುತ್ತ ಇಳಿಬಿಡುತ್ತಾರಲ್ಲ, ಆ ಜಾತಿಯ ದಪ್ಪ ಹಸಿರು ಬಟ್ಟೆ. ಹುಟ್ಟಿದ್ದು ದೊಡ್ಡಬಳ್ಳಾಪುರದ ಒಂದು ಮಗ್ಗದ ಮನೆಯಲ್ಲಿ. ಅಲ್ಲಿ ದಿನವಿಡೀ ಮಗ್ಗಗಳ ಸದ್ದು. ಪಕ್ಕದಲ್ಲಿ ನಿಂತವರು ಕೂಗಿ ಹೇಳಿದರೂ ಕೇಳಿಸದು. ಆಮೇಲೆ ನನ್ನ ಬಾಳೆಲ್ಲ ಮೆಲುದನಿಯ ಮಾತು ಕೇಳುವುದರಲ್ಲೇ ಕಳೆಯಿತು.

ತುಮಕೂರಿನ ಒಬ್ಬ ದರ್ಜಿ ನನ್ನ ಅಂಚು ಮಡಚಿ ಹೊಲಿದು, ತಲೆಯ ಮೇಲೆ ಹನ್ನೆರಡು ಬಳೆ ಕೂರಿಸಿದ. ಅಲ್ಲಿಂದ ಒಂದು ನರ್ಸಿಂಗ್ ಹೋಮಿನ ಕೋಣೆಗೆ ಹೋದೆ. ಅದು ಹೆಂಗಸರ ಡಾಕ್ಟರು ವಿನೋದಿನಿ ಮೇಡಂ ಕೂರುವ ಕೋಣೆ. ನನ್ನ ಈಚೆಗೆ ಅವರ ಮೇಜು, ಆಚೆಗೆ ಪರೀಕ್ಷೆಯ ಮಂಚ.

ಶನಿವಾರಕ್ಕೊಮ್ಮೆ ನನ್ನನ್ನು ಬಿಚ್ಚಿ ಒಗೆಯುತ್ತಿದ್ದವಳು ಪುಟ್ಟತಾಯಿ. ಆಗ ಅವಳಿಗೆ ಮೂವತ್ತೊಂದು ವರ್ಷ. ನೆಲ ಒರೆಸುವುದು, ಮಂಚದ ಹಾಸು ಬದಲಿಸುವುದು, ಬಕೆಟ್ ಎತ್ತುವುದು ಅವಳ ಕೆಲಸ. ಆಸ್ಪತ್ರೆಯಲ್ಲೇ ದುಡಿದರೂ ಅವಳು ಆಸ್ಪತ್ರೆಯವಳಲ್ಲ, ಕಂಟ್ರಾಕ್ಟರ್ ಕಡೆಯವಳು. ಸೇರಿದಾಗ ಅವನು ಇಎಸ್‌ಐ ಕಾರ್ಡ್ ಮಾಡಿಸಿಕೊಡುತ್ತೇನೆ, ಮನೆಯವರಿಗೆಲ್ಲ ಔಷಧಿ ಪುಕ್ಕಟೆ ಎಂದಿದ್ದ. ಮೂರು ವರ್ಷವಾದರೂ ಕಾರ್ಡ್ ಬಂದಿರಲಿಲ್ಲ.

ಒಗೆದು ಹಿಂಡುವಾಗ ಕೆಲವೊಮ್ಮೆ ಅವಳ ಕೈ ತಟ್ಟನೆ ನಿಲ್ಲುತ್ತಿತ್ತು. ಕಣ್ಣು ಮುಚ್ಚಿಕೊಂಡು ನೀರಿನ ತೊಟ್ಟಿಯ ಅಂಚಿಗೆ ಕೂರುತ್ತಿದ್ದಳು. ಸ್ವಲ್ಪ ಹೊತ್ತಿಗೆ ಹಣೆಯ ಬಲಗಡೆ ಒತ್ತಿ ಹಿಡಿದು ಮತ್ತೆ ಒಗೆಯಲು ಶುರುಮಾಡುತ್ತಿದ್ದಳು. ಬೆರಳಿಗೆ ಶಕ್ತಿಯೇ ಇಲ್ಲದಂತೆ ನಾನು ಅವಳ ಕೈಯಿಂದ ಜಾರಿ ಬಿದ್ದದ್ದೂ ಉಂಟು. ಕೇಳಿದವರಿಗೆ, "ಬಿಸಿಲಿಗೆ" ಎನ್ನುತ್ತಿದ್ದಳು.

ಒಂದು ಮಂಗಳವಾರ ಅವಳು ನನ್ನ ಆಚೆ ಮಂಚ ಒರೆಸುತ್ತಿದ್ದಳು. ಈಚೆ ಮೇಡಂ ಒಬ್ಬ ಬ್ಯಾಂಕಿನ ಹೆಂಗಸಿಗೆ ಮಕ್ಕಳಾಗದಂತೆ ತೆಗೆದುಕೊಳ್ಳುವ ಮಾತ್ರೆ ಬರೆದುಕೊಡುವವರಿದ್ದರು.

"ತಲೆನೋವು ಬರುತ್ತಾ?" ಎಂದು ಕೇಳಿದರು ಮೇಡಂ.

"ಒಂದೊಂದ್ಸಲ ಬರುತ್ತೆ."

"ಬರೋಕೆ ಮುಂಚೆ ಕಣ್ಣ ಮುಂದೆ ಏನಾದ್ರೂ ಹೊಳೆಯುತ್ತಾ? ಅಂಕುಡೊಂಕು ಗೆರೆ ಥರ? ಕೈ ಬೆರಳು ಜೋಮು ಹಿಡಿಯುತ್ತಾ?"

"ಇಲ್ಲ ಮೇಡಂ, ಅಂಥದ್ದೇನೂ ಇಲ್ಲ."

"ಸದ್ಯ. ಅದಿದ್ರೆ ಈ ಮಾತ್ರೆ ನಾನು ಕೊಡೋ ಹಾಗೇ ಇಲ್ಲ. ಲಕ್ವ ಹೊಡೆಯೋ ಅಪಾಯ ಇರುತ್ತೆ. ಬೇರೆ ದಾರಿ ನೋಡ್ಬೇಕಾಗುತ್ತೆ."

ಬ್ಯಾಂಕಿನ ಹೆಂಗಸು ಎದ್ದು ಹೋದಳು. ಮಂಚದ ಬಳಿ ಪುಟ್ಟತಾಯಿ ಒದ್ದೆ ಬಟ್ಟೆ ಹಿಡಿದವಳು ಹಾಗೇ ನಿಂತಿದ್ದಳು. ಅವಳ ಉಸಿರು ನನಗೆ ತಾಕುತ್ತಿತ್ತು. ಮೂರು ವರ್ಷದಿಂದ ಅವಳು ಮನೆ ಹತ್ತಿರದ ಮೆಡಿಕಲ್ ಶಾಪಿನಲ್ಲಿ ಮಾತ್ರೆ ಮುಗಿದ ಖಾಲಿ ಹಾಳೆ ತೋರಿಸಿ ಅದೇ ಬಗೆಯ ಮಾತ್ರೆ ತಂದು ನುಂಗುತ್ತಿದ್ದಳು. ಅಂಗಡಿಯವನು ಹಾಳೆ ಹಿಂತಿರುಗಿಸುವಾಗ ಮುಖವನ್ನೂ ನೋಡುತ್ತಿರಲಿಲ್ಲ. ಹೊಳಪು, ಜೋಮು ಎಂದು ಮೇಡಂ ಕೇಳಿದ ಎರಡು ಪ್ರಶ್ನೆಗೂ ಅವಳ ಉತ್ತರ ಹೌದು ಎಂದೇ ಇತ್ತು.

ಅಂದು ಬಾಗಿಲು ತೆರೆದಿತ್ತು, ಮೇಡಂಗೆ ತೋರಿಸಲು ಎಷ್ಟಾಗುತ್ತದೆ ಎಂದು ಪುಟ್ಟತಾಯಿ ಹೊರಗಿನ ಕೌಂಟರಿನಲ್ಲಿ ಕೇಳಿದ್ದು ನನಗೂ ಕೇಳಿಸಿತು. ಕೌಂಟರಿನಲ್ಲಿದ್ದ ಹುಡುಗಿ ಒಳ್ಳೆಯವಳೇ. ಆದರೂ ಬಾಯಿಪಾಠದಂತೆ ಕೇಳಿದಳು: "ಇನ್ಶೂರೆನ್ಸ್ ಇದ್ಯಾ ಅಕ್ಕ? ಇಎಸ್‌ಐ ಕಾರ್ಡ್?" ಪುಟ್ಟತಾಯಿ ಇಲ್ಲವೆಂದು ತಲೆಯಾಡಿಸಿರಬೇಕು. "ಮೇಡಂ ಫೀಸು, ರಕ್ತದ ಟೆಸ್ಟು, ಸ್ಕ್ಯಾನು ಎಲ್ಲಾ ಆಗುತ್ತಕ್ಕ. ನಿಮ್ಗೆ ಕಷ್ಟ," ಎಂದು ಹುಡುಗಿ ದನಿ ತಗ್ಗಿಸಿದಳು. ಪುಟ್ಟತಾಯಿ ಒಳಗೆ ಬಂದು ಬಕೆಟ್ ಎತ್ತಿಕೊಂಡು ಹೋದಳು.

ಅದಾದ ಕೆಲವೇ ದಿನಕ್ಕೆ ನರ್ಸಿಂಗ್ ಹೋಮಿಗೆ ಹೊಸ ಬಣ್ಣ, ಹೊಸ ಪರದೆಗಳು ಬಂದವು. ಬೇಕಾದವರು ಹಳೆಯವನ್ನು ತೆಗೆದುಕೊಂಡು ಹೋಗಿ ಎಂದರು. ಪುಟ್ಟತಾಯಿ ನನ್ನನ್ನು ತಂದಳು.

ಅವಳ ಮನೆ ಒಂದೇ ಕೋಣೆಯದು. ಒಲೆಯ ಜಾಗಕ್ಕೂ ಮಲಗುವ ಜಾಗಕ್ಕೂ ನಡುವೆ ಹಗ್ಗ ಕಟ್ಟಿ ನನ್ನನ್ನು ಇಳಿಬಿಟ್ಟಳು. ಗಂಡ ಮೂಡ್ಲಗಿರಿ ಗೂಡ್ಸ್ ಆಟೋ ಓಡಿಸುತ್ತಿದ್ದ. ಮಾತು ಕಡಿಮೆ, ಮನೆಗೆ ಬಂದರೆ ಮಗಳ ಜಡೆ ಹೆಣೆಯುವ ಮನುಷ್ಯ. ಎರಡು ಮಕ್ಕಳು. ಚಿಕ್ಕವನ ಹೆರಿಗೆಯಲ್ಲಿ ಪುಟ್ಟತಾಯಿಗೆ ಬಿಪಿ ಏರಿ, ಫಿಟ್ಸ್ ಬಂದು, ಎರಡು ದಿನ ಪ್ರಜ್ಞೆ ಇರಲಿಲ್ಲವಂತೆ. ಇನ್ನೊಂದು ಬಸಿರು ಬೇಡವೇ ಬೇಡ ಎಂದು ಹೆರಿಗೆ ಮಾಡಿಸಿದ ಡಾಕ್ಟರು ಹೇಳಿದ್ದರು. ಸುಧಾರಿಸಿಕೊಂಡು ಆರು ತಿಂಗಳಿಗೆ ಬಾ, ಆಪರೇಷನ್ ಮಾಡೋಣ ಎಂದೂ ಹೇಳಿದ್ದರು. ಅಷ್ಟರಲ್ಲಿ ಅವಳು ಕೆಲಸಕ್ಕೆ ಸೇರಿದಳು. ಮಾತ್ರೆ ಇದೆಯಲ್ಲ ಎಂದು ದಿನ ತಳ್ಳಿದಳು.

ಒಂದು ಸಂಜೆ ಅವಳು ಸೊಪ್ಪು ಬಿಡಿಸುತ್ತ ತಾನು ಕೇಳಿಸಿಕೊಂಡದ್ದನ್ನು ಗಂಡನಿಗೆ ಹೇಳಿದಳು. ಲಕ್ವ ಎಂಬ ಮಾತಿಗೆ ಅವನ ಕೈ ಮಗಳ ಜಡೆಯಲ್ಲೇ ನಿಂತಿತು.

"ಹಂಗಾದ್ರೆ ಇವತ್ತೇ ಬಿಟ್ಬಿಡು ಮಾತ್ರೆ," ಎಂದ.

"ಬಿಟ್ಟು?"

ಆ ಹೆರಿಗೆಯ ಎರಡು ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದವನು ಅವನು.

ಮುಂದಿನ ಗುರುವಾರ ಅವಳ ರಜೆ. ಬಡಾವಣೆಯ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿಬಂದಳು. ಸಂಜೆ ಗಂಡ ಕೇಳಿದಾಗ ಕಾಗದದ ಪೊಟ್ಟಣ ಒಂದನ್ನು ನೆಲದ ಮೇಲಿಟ್ಟಳು. ಕಬ್ಬಿಣಾಂಶದ ಮಾತ್ರೆ.

"ಅಲ್ಲಿ ಸಿಸ್ಟರ್ ಒಬ್ರು ಚೆನ್ನಾಗಿ ಮಾತಾಡಿಸ್ತಾರೆ. ಏನಮ್ಮ ತೊಂದ್ರೆ ಅಂದ್ರು. ನನ್ನ ಹಿಂದೇನೇ ಗಂಡಸ್ರು ಸಾಲು ನಿಂತವ್ರೆ. ಮುಂದ್ಗಡೆ ಬೀದಿ ಮಂಜಣ್ಣ ಕೂಡ ಇದ್ದ. ಏನಂತ ಹೇಳ್ಲಿ? ಸುಸ್ತು ಅಂದೆ. ಇದನ್ನ ಕೊಟ್ರು."

"ಒಳಗೆ ಕರ್ದು ಕೇಳಲ್ವಾ?"

"ಒಳಗೆ ಅನ್ನೋದೇ ಇಲ್ಲ ಅಲ್ಲಿ. ಇರೋದೇ ಒಂದು ದೊಡ್ಡ ಹಾಲ್."

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಮರುವಾರ ಗುರುವಾರ ಬೆಳಿಗ್ಗೆ ನನ್ನನ್ನು ಬಿಚ್ಚಿ ನಾಲ್ಕು ಮಡಿಕೆ ಮಾಡಿ, ಹಗ್ಗದ ಸಮೇತ ಚೀಲಕ್ಕೆ ತುರುಕಿದಳು.

ಆ ಸಿಸ್ಟರ್ ಹೆಸರು ಜುಬೇದಾ. ಐವತ್ತರ ಹತ್ತಿರದವರು, ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮೇಜಿನ ತುಂಬ ಹುಡುಕುವವರು.

"ಸಿಸ್ಟರ್, ಇದನ್ನ ಆ ಮೂಲೆಗೆ ಕಟ್ಟಬಹುದಾ?" ಎಂದು ಕೇಳಿದಳು ಪುಟ್ಟತಾಯಿ.

ಸಿಸ್ಟರ್ ನನ್ನ ಮೇಲೆ ಕೈಯಾಡಿಸಿದರು. ಅವಳ ಮುಖ ನೋಡಿದರು. "ಹೋದ ವಾರ ಸುಸ್ತು ಅಂದವಳಲ್ವಾ ನೀನು?"

"ಹೂಂ."

"ಸುಸ್ತಲ್ಲ, ಅಲ್ವಾ?"

ಅವಳು ಚೀಲದಿಂದ ಹಗ್ಗ ತೆಗೆದು ಕೊಟ್ಟಳು. ಸಿಸ್ಟರ್ ತಾವೇ ಸ್ಟೂಲು ಹತ್ತಿ ಕಿಟಕಿಯ ಸರಳಿಗೂ ಗೋಡೆಯ ಮೊಳೆಗೂ ಹಗ್ಗ ಬಿಗಿದರು. ಸಾಲಿನಲ್ಲಿದ್ದ ಯಾರೋ ಗೊಣಗಿದರು. "ಹತ್ತು ನಿಮಿಷ ಕೂತ್ಕೊಳಿ ಅಣ್ಣ, ನಿಮ್ಮ ಮನೆ ಹೆಣ್ಮಕ್ಕಳಿಗೂ ಬೇಕಾಗುತ್ತೆ ಇದು," ಎಂದರು ಸಿಸ್ಟರ್. ನನ್ನನ್ನು ಎಳೆದು ಮುಚ್ಚಿದರು.

ಆಗ ಪುಟ್ಟತಾಯಿ ಹೇಳಿದಳು. ಹೊಳೆಯುವ ಗೆರೆ, ಬೆರಳ ಜೋಮು, ಫಿಟ್ಸು, ಮೆಡಿಕಲ್ ಶಾಪಿನ ಹಾಳೆ, ಎಲ್ಲವನ್ನೂ. ಹೇಳುತ್ತ ಹೇಳುತ್ತ ಅತ್ತಳು. ಸಿಸ್ಟರ್ ಅಡ್ಡಮಾತಾಡದೆ ಕೇಳಿಸಿಕೊಂಡು, ಬಿಪಿ ನೋಡಿದರು. ಅತ್ತವರ ಬಿಪಿ ಲೆಕ್ಕಕ್ಕಿಲ್ಲ ಎಂದು ನೀರು ಕುಡಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದರು. ಆಮೇಲೆ ಡಾಕ್ಟರಮ್ಮನನ್ನು ನನ್ನ ಒಳಗೇ ಕರೆತಂದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಲಿವರ್ ಕಾಯಿಲೆ ಇತ್ತಾ, ಟಿಬಿ ಆಗಿತ್ತಾ, ಮುಟ್ಟು ಸರಿಯಾಗಿ ಬರುತ್ತಾ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು.

"ಈಗ ತಗೊಳ್ತಿರೋ ಮಾತ್ರೆ ಇವತ್ತಿಗೆ ನಿಲ್ಲಿಸಿ," ಎಂದರು. "ನಿಮ್ಮ ತಲೆನೋವಿಗೂ ಅದಕ್ಕೂ ಆಗಿಬರಲ್ಲ. ಕಾಪರ್ ಟಿ ಹಾಕಿಸ್ಕೊಬಹುದು. ಇಲ್ಲ ಆಪರೇಷನ್. ಇಲ್ಲ ಅಂದ್ರೆ ಹಾರ್ಮೋನ್ ಇಲ್ಲದ ಬೇರೆ ಮಾತ್ರೆ ಇದೆ. ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದೇ. ಯಾವುದಾದ್ರೂ ಇಲ್ಲಿ ದುಡ್ಡು ಕೊಡೋ ಹಾಗಿಲ್ಲ. ಯಾವುದು ಅಂತ ನೀವು ಹೇಳಿ."

"ಕಾರ್ಡ್ ಏನಾದ್ರೂ ಬೇಕಾ ಮೇಡಂ?"

"ಯಾವ ಕಾರ್ಡೂ ಬೇಡಮ್ಮ."

ನೀವು ಹೇಳಿ ಎಂಬ ಮಾತು ಅವಳಿಗೆ ಹೊಸದು. ಸ್ವಲ್ಪ ಯೋಚಿಸಿ, ವಾರದ ಮಾತ್ರೆ ಎಂದಳು. ಆಪರೇಷನ್ ಮಾಡಿಸಿದರೆ ಬಕೆಟ್ ಎತ್ತುವ ಹಾಗಿಲ್ಲ, ಅಷ್ಟು ದಿನ ರಜೆ ಯಾರು ಕೊಡುತ್ತಾರೆ ಎಂಬ ಯೋಚನೆ ಅವಳದು. ಆಗ ಸಿಸ್ಟರ್, ಗಂಡಸರಿಗೂ ಒಂದು ಸಣ್ಣ ಆಪರೇಷನ್ ಇದೆಯಲ್ಲ ಎಂದು ನೆನಪಿಸಿದರು.

"ಅದನ್ನ ನೀವೇ ಹೇಳ್ಬೇಕು ಅವ್ರಿಗೆ," ಎಂದಳು ಪುಟ್ಟತಾಯಿ. ಆ ದಿನ ಅವಳು ನಕ್ಕದ್ದು ಅದೊಂದೇ ಸಲ.

ಮುಂದಿನ ಮುಟ್ಟಿನ ಮೊದಲ ದಿನ ಹೊಸ ಮಾತ್ರೆ ಶುರು, ಅಲ್ಲಿಯವರೆಗೆ ಗಂಡನೇ ನಿರೋಧ್ ಬಳಸಬೇಕು ಎಂದು ಸಿಸ್ಟರ್ ಬಿಡಿಸಿ ಹೇಳಿದರು. ಅವಳ ಬಾಯಿಂದ ಒಮ್ಮೆ ಹೇಳಿಸಿ ನೋಡಿದರು. ಡಾಕ್ಟರಮ್ಮ ತಲೆನೋವಿಗೆ ಜಿಲ್ಲಾ ಆಸ್ಪತ್ರೆಗೆ ಒಂದು ಚೀಟಿ ಬರೆದುಕೊಟ್ಟರು. ಅವಳು ಹೊರಟಾಗ ನನ್ನನ್ನು ಬಿಚ್ಚಲು ಕೈ ಹಾಕಿದಳು, ಹಾಗೇ ಕೈ ಹಿಂತೆಗೆದಳು. "ಇಲ್ಲೇ ಇರ್ಲಿ ಸಿಸ್ಟರ್."

ಅಲ್ಲಿಂದ ನಾನು ಆ ಮೂಲೆಯವನಾದೆ.

ಎಲ್ಲವೂ ಸಲೀಸಾಗಿ ನಡೆಯಲಿಲ್ಲ. ಎರಡನೇ ತಿಂಗಳಲ್ಲಿ ಅವಳ ಮುಟ್ಟು ನಿಂತೇ ಹೋಯಿತು. ಹದಿನಾರು ದಿನ ತಡವಾದ ಮೇಲೆ ಅವಳು ಬಂದಳು, ಮುಖ ಕಪ್ಪಿಟ್ಟಿತ್ತು. ಈ ಸಲ ಮೂಡ್ಲಗಿರಿ ಆಟೋ ಬಿಟ್ಟು ಜೊತೆಯಲ್ಲೇ ಬಂದಿದ್ದ. ಸಿಸ್ಟರ್ ಪರೀಕ್ಷೆ ಮಾಡುವ ಐದು ನಿಮಿಷ ಅವನು ನನ್ನ ಅಂಚನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದ. ಆ ಹಿಡಿತದ ಸುಕ್ಕು ಬಹಳ ದಿನ ನನ್ನಲ್ಲಿತ್ತು.

"ಬಸಿರಿಲ್ಲ," ಎಂದರು ಸಿಸ್ಟರ್. "ಈ ಮಾತ್ರೆಗೆ ಮೊದಮೊದಲು ಮುಟ್ಟು ತಡ ಆಗೋದುಂಟು. ಹೇಳಿದ್ನಲ್ಲ?"

"ಹೇಳಿದ್ರಿ. ಆದ್ರೂ ಭಯ ಆಯ್ತು."

"ಭಯ ಆದ್ರೆ ಹೀಗೇ ಬಂದ್ಬಿಡು. ಮನೇಲಿ ಕೂತು ದಿನ ಎಣಿಸ್ಬೇಡ."

ಮೂಡ್ಲಗಿರಿ ನನ್ನನ್ನು ಬಿಟ್ಟು ಸಿಸ್ಟರಿಗೆ ಕೈ ಮುಗಿದ.

ತಲೆನೋವು ಪೂರ್ತಿ ಹೋಗಲಿಲ್ಲ. ತಿಂಗಳಿಗೆ ನಾಲ್ಕೈದು ಸಲ ಬರುತ್ತಿದ್ದುದು ಎರಡು ತಿಂಗಳಿಗೊಮ್ಮೆ ಆಯಿತು. ಜಿಲ್ಲಾ ಆಸ್ಪತ್ರೆಯಲ್ಲಿ ಅದಕ್ಕೆ ಬೇರೆ ಔಷಧಿ ಕೊಟ್ಟಿದ್ದರು. ಪುಟ್ಟತಾಯಿ ತನ್ನ ಜೊತೆ ನೆಲ ಒರೆಸುವವರನ್ನು ಒಬ್ಬೊಬ್ಬರಾಗಿ ಗುರುವಾರಗಳಲ್ಲಿ ಕರೆತರತೊಡಗಿದಳು. ಅವರು ಒಳಗೆ ಹೋದರೆ ಅವಳು ನನ್ನ ಹೊರಗೆ ಸ್ಟೂಲು ಹಾಕಿಕೊಂಡು, ಯಾರೂ ಹತ್ತಿರ ಬರದಂತೆ ಕೂರುತ್ತಿದ್ದಳು.

ಪ್ರತಿ ತಿಂಗಳು ಒಂಬತ್ತನೇ ತಾರೀಕು ಗರ್ಭಿಣಿಯರನ್ನು ನೋಡಲು ಹೊರಗಿನ ಡಾಕ್ಟರು ಬರುತ್ತಿದ್ದರು; ಒಮ್ಮೆ ಆ ತಾರೀಕು ಗುರುವಾರವೇ ಬಿದ್ದಾಗ ಹೊಸಬರೊಬ್ಬರು ಬಂದರು. ಅವರು ವಿನೋದಿನಿ ಮೇಡಂ. ಸ್ಟೂಲಿನ ಮೇಲಿದ್ದ ಪುಟ್ಟತಾಯಿಯನ್ನು ಕಂಡು ನಿಂತರು. ಯಾಕೆ ಇಲ್ಲಿ ಎಂದು ಕೇಳಿ ತಿಳಿದುಕೊಂಡರು.

"ದಿನಾ ನನ್ನ ರೂಮಲ್ಲೇ ಇರ್ತೀಯ. ನನ್ನನ್ನ ಒಂದು ಮಾತು ಕೇಳಬಾರದಿತ್ತಾ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು.

"ನೀವು ಇನ್ನೊಬ್ರನ್ನ ಕೇಳಿದ್ದು ಕೇಳಿಸ್ಕೊಂಡೆ ಮೇಡಂ. ಅದ್ರಿಂದಾನೇ ಉಳ್ಕೊಂಡೆ."

ಆ ದಿನ ಅವರು ಪ್ರತಿಯೊಬ್ಬ ಗರ್ಭಿಣಿಯನ್ನೂ ತುಂಬ ಹೊತ್ತು ಮಾತಾಡಿಸಿದರು. ಕಂಟ್ರಾಕ್ಟರ್ ಜೊತೆ ಮಾತಾಡುತ್ತೇನೆ ಎಂದು ಹೋಗುವಾಗ ಅವಳಿಗೆ ಹೇಳಿದ್ದು ನನಗೆ ಕೇಳಿಸಿತು. ಮುಂದೇನಾಯಿತೋ ಗೊತ್ತಿಲ್ಲ.

ಈಗ ನನಗೆ ವಯಸ್ಸಾಗಿದೆ. ಹಸಿರು ಮಾಸಿ ಬೂದಿಯ ಬಣ್ಣಕ್ಕೆ ತಿರುಗಿದೆ, ಬಳೆಗಳಲ್ಲಿ ಐದು ಉಳಿದಿವೆ. ಹೋದ ವರ್ಷ ಆ ಮೂಲೆಗೆ ಗೋಡೆ ಎಬ್ಬಿಸಿ ಬಾಗಿಲಿಟ್ಟರು. ಜುಬೇದಾ ಸಿಸ್ಟರ್ ನನ್ನನ್ನು ಎಸೆಯಲು ಬಿಡದೆ ಮಡಚಿ ಅದೇ ಕೋಣೆಯ ಬೀರುವಿನ ಕೆಳಗಿನ ತೆರೆದ ಗೂಡಿನಲ್ಲಿಟ್ಟಿದ್ದಾರೆ. ಅಲ್ಲಿಂದ ನನಗೆ ಬಂದವರ ಪಾದ ಮಾತ್ರ ಕಾಣುತ್ತದೆ. ಒಳಗೆ ಬಂದ ಮೇಲೂ ಬಾಗಿಲ ಕಡೆಗೇ ತಿರುಗಿರುವ ಪಾದಗಳು, ಮಾತು ಶುರುವಾದ ಮೇಲೆ ಮೆಲ್ಲಗೆ ಮೇಜಿನ ಕಡೆ ತಿರುಗುತ್ತವೆ. ನಾನು ಬದುಕಿನಲ್ಲಿ ಒಂದು ಕೆಲಸ ಮಾಡಿದ್ದರೆ, ಆ ಪಾದಗಳು ತಿರುಗಲು ಒಂದಿಷ್ಟು ಹೊತ್ತು ಒದಗಿಸಿದ್ದು, ಅಷ್ಟೆ.

ಮೊನ್ನೆ ಪುಟ್ಟತಾಯಿ ಬಂದಿದ್ದಳು. ಅವಳಿಗೀಗ ಮೂವತ್ತೇಳು. ಸಿಸ್ಟರ್ ಬಿಪಿ ನೋಡಿ, ಮೊದಲಿನಿಂದ ಎಲ್ಲವನ್ನೂ ಕೇಳತೊಡಗಿದರು. ಮುಟ್ಟು ಹೇಗೆ, ತಲೆನೋವು ಹೇಗೆ, ಮಾತ್ರೆ ಇದೇ ಸಾಕಾ, ಬೇರೆ ಏನಾದರೂ ಮನಸ್ಸಲ್ಲಿದೆಯಾ.

"ಎಲ್ಲಾ ನಿಮಗೆ ಗೊತ್ತಿರೋದೇ ಅಲ್ವಾ ಸಿಸ್ಟರ್?"

"ಹೋದ ವರ್ಷದ ಪುಟ್ಟತಾಯಿ ಗೊತ್ತು," ಎಂದರು ಸಿಸ್ಟರ್. "ಈ ವರ್ಷದವಳನ್ನ ಕೇಳ್ಬೇಕಲ್ಲ."

ಅವಳು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು ಹೇಳಲು ಶುರುಮಾಡಿದಳು.