ಎಡಗಡೆಯ ಸೀಟು

ಇಷ್ಬೆಲ್ ತನ್ನ ಅಡುಗೆಮನೆಯ ಮೇಜಿನ ಮೇಲೆ ಆ ಹಳೆಯ ನಕ್ಷೆಯನ್ನು ಬಿಡಿಸಿದರೆ ಅದರ ಮಡಿಕೆಗಳು ಎದ್ದು ನಿಲ್ಲುತ್ತವೆ. ಹಾಗಾಗಿ ನಾಲ್ಕು ಮೂಲೆಗೂ ಭಾರ ಬೇಕು. ಒಂದಕ್ಕೆ ಬೆಣ್ಣೆ ತಟ್ಟೆ, ಒಂದಕ್ಕೆ ಟೀ ಪಾತ್ರೆ, ಒಂದಕ್ಕೆ ಜಾಮ್ ಬಾಟಲಿ, ನಾಲ್ಕನೆಯದಕ್ಕೆ ನನ್ನ ಮೊಣಕೈ. ಹನ್ನೊಂದು ವರ್ಷಗಳಿಂದ ಫೆಬ್ರವರಿ ಬಂತೆಂದರೆ ಇದೇ ಏರ್ಪಾಡು. ಈ ಸಲ ನಾನು ಒಳಗೆ ಹೋದಾಗ ನನ್ನ ಮೂಲೆಯ ಮೇಲೆ ಬೇರೆಯವಳ ಮೊಣಕೈ ಇತ್ತು.

ಅವಳ ಹೆಸರು ಡ್ಯಾಫ್ನಿ. ಇಂಗ್ಲೆಂಡಿನ ದಕ್ಷಿಣದ ತುದಿಯಿಂದ ಬಂದವಳು. ಹೋದ ಶರತ್ಕಾಲದಲ್ಲಿ ನಮ್ಮೂರು ಬ್ಯೂಲಿಯಲ್ಲಿ, ಇಷ್ಬೆಲ್‌ಳ ಮನೆಯ ಎದುರಿಗೇ ಮನೆ ಕೊಂಡಿದ್ದಳು. ಬಂದ ವಾರದಲ್ಲೇ ಬಾಗಿಲಿಗೆ ನೀಲಿ ಬಣ್ಣ ಬಳಿಸಿದಳು, ಅಂಗಳದಲ್ಲಿ ಬಿಳಿಯ ದೊಡ್ಡ ವ್ಯಾನ್ ನಿಲ್ಲಿಸಿದಳು. ಒಳಗೆ ಹಾಸಿಗೆ, ಒಲೆ, ಕಕ್ಕಸು ಎಲ್ಲ ಇರುವ ವ್ಯಾನ್. ನನಗೆ ಅವಳ ಮೇಲೆ ಮೊದಲ ದಿನದಿಂದಲೇ ಕಣ್ಣು ಕೆಂಪಾಗಿತ್ತು. ಕಾರಣ ಇರಲಿಲ್ಲ. ಈಗ ಸಿಕ್ಕಿತು.

"ಬಾರೇ ಡೊಲೀನಾ, ಕೂತ್ಕೋ," ಎಂದಳು ಇಷ್ಬೆಲ್. "ಡ್ಯಾಫ್ನಿ ಒಂದು ಒಳ್ಳೇ ಯೋಚನೆ ತಂದಿದ್ದಾಳೆ."

ನಾನು ಕೂತೆ, ಗೋಡೆಯ ಪಕ್ಕದ ಸ್ಟೂಲಿನ ಮೇಲೆ. ನನ್ನ ಕುರ್ಚಿಯಲ್ಲಿ ಅವಳಿದ್ದಳಲ್ಲ.

ನಮ್ಮ ಮೇ ತಿಂಗಳ ತಿರುಗಾಟ ಶುರುವಾದದ್ದು ಇಷ್ಬೆಲ್‌ಳ ಗಂಡ ಟಾರ್ಕ್ವಿಲ್ ತೀರಿಕೊಂಡ ಮರುವರ್ಷ. ಅವಳಿಗೆ ಗಾಡಿ ಓಡಿಸಲು ಬರುವುದಿಲ್ಲ. ಬದುಕಿಡೀ ಅವನೇ ಓಡಿಸಿದ. ಮನೆಯಲ್ಲಿ ಕೂತು ಕೂತು ಅವಳ ಮುಖ ಬಾಡುವುದನ್ನು ನೋಡಲಾಗದೆ, ನನ್ನ ಬೇಕರಿಗೆ ಮೂರು ದಿನ ರಜೆ ಹಾಕಿ ನನ್ನ ಕೆಂಪು ಕಾರಿನಲ್ಲಿ ಅವಳನ್ನು ಕೂರಿಸಿಕೊಂಡು ವಾಯವ್ಯದ ಕಡಲ ಕಡೆಗೆ ಹೊರಟೆ. ಆ ಕಡೆ ಹೋದಂತೆ ರಸ್ತೆ ಒಂದೇ ಗಾಡಿಯ ಅಗಲಕ್ಕೆ ಇಳಿಯುತ್ತದೆ. ಅಲ್ಲಲ್ಲಿ ಕಂಬ ನೆಟ್ಟು ಒಂದಿಷ್ಟು ಅಗಲ ಮಾಡಿರುತ್ತಾರೆ. ಎದುರಿಗೆ ಗಾಡಿ ಬಂದರೆ ಆ ಜಾಗ ಯಾರಿಗೆ ಹತ್ತಿರವೋ ಅವರು ಸರಿಯಬೇಕು, ಬೇಕಾದರೆ ಹಿಂದಕ್ಕೆ ಹೋಗಿಯಾದರೂ ಸರಿ. ದಾಟಿಕೊಳ್ಳುವಾಗ ಒಬ್ಬರಿಗೊಬ್ಬರು ಕೈ ಎತ್ತಬೇಕು. ಎತ್ತದವರ ಮಾನ ಮುಂದಿನ ಊರು ತಲುಪುವುದರೊಳಗೆ ಹರಾಜಾಗಿರುತ್ತದೆ.

ಆ ಮೊದಲ ವರ್ಷ ನನಗೆ ಸ್ಟಿಯರಿಂಗ್ ಬಿಟ್ಟು ಒಂದು ಬೆರಳೆತ್ತಲೂ ಧೈರ್ಯವಿರಲಿಲ್ಲ. ಒಂದು ಕಡೆ ಬಂಡೆ, ಇನ್ನೊಂದು ಕಡೆ ನೀರು. "ನೀನು ಗಟ್ಟಿಯಾಗಿ ಹಿಡ್ಕೊ ಮಾರಾಯ್ತಿ, ಕೈ ಎತ್ತೋ ಕೆಲಸ ನಂದು," ಎಂದಳು ಇಷ್ಬೆಲ್. ಅಂದಿನಿಂದ ಅದು ಅವಳದೇ ಕೆಲಸವಾಯಿತು. ಆ ಸೀಮೆಯವರಿಗೆ ಒಂದೇ ಬೆರಳು, ಅದೂ ಎತ್ತಿದ್ದು ಕಂಡೂ ಕಾಣದ ಹಾಗೆ. ಪ್ರವಾಸಕ್ಕೆ ಬಂದ ಪರವೂರಿನವರಿಗೆ ಐದೂ ಬೆರಳು ಬಿಡಿಸಿ ಇಡೀ ಅಂಗೈ. ಅಂಚೆ ವ್ಯಾನಿಗೆ ತಲೆಯನ್ನೂ ಬಾಗಿಸುತ್ತಿದ್ದಳು. ರಸ್ತೆ ಬಿಟ್ಟುಕೊಟ್ಟ ಕುರಿಗೂ ಬೆರಳೆತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗಾಡಿ ನನ್ನದು, ಮರ್ಯಾದೆ ಅವಳದು. ನನಗೆ ಮಕ್ಕಳಿಲ್ಲ, ಮದುವೆಯೂ ಇಲ್ಲ. ವರ್ಷದಲ್ಲಿ ನಾನು ಎದುರು ನೋಡುವುದು ಆ ಮೂರು ದಿನವನ್ನು, ನನ್ನ ಎಡಗಡೆಯ ಸೀಟಿನಲ್ಲಿ ಅವಳನ್ನು.

ಡ್ಯಾಫ್ನಿ ನಕ್ಷೆಯ ಮೇಲೆ ಫೋನ್ ಇಟ್ಟು ಬೆರಳಾಡಿಸುತ್ತಿದ್ದಳು. "ನೋಡಿ ಡೊಲೀನಾ, ಮೂರೇ ದಿನದಲ್ಲಿ ಇಡೀ ಉತ್ತರ ಸುತ್ತಿ ಬರಬಹುದು. ಶುಕ್ರವಾರ ಅಲ್ಲಾಪೂಲ್, ಶನಿವಾರ ಡ್ರಮ್‌ಬೆಗ್ ದಾರೀಲಿ ಹೋಗಿ ಡರ್ನೆಸ್, ಬಾಲ್ನಕೀಲ್ ಕಡಲತೀರದ ಮರಳಿನ ಪಕ್ಕದಲ್ಲೇ ರಾತ್ರಿ. ಇಝಿಗೆ ಅದು ತುಂಬಾ ಆಸೆಯಂತೆ."

ಇಝಿ! ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದ ಟೀಚರಮ್ಮನಿಗೆ ನಾಯಿಮರಿಗೆ ಇಡುವಂಥ ಹೆಸರು. ಇಷ್ಬೆಲ್ ತಿದ್ದುತ್ತಾಳೆ ಎಂದು ನೋಡಿದೆ. ತಿದ್ದುವುದಿರಲಿ, ಅವಳ ಕೆನ್ನೆ ಕೆಂಪಾಗಿ, ಎಳೆಯ ಹುಡುಗಿಯ ಹಾಗೆ ಕಿಸಿಕಿಸಿ ನಗುತ್ತಿದ್ದಳು.

"ಮೂರು ಜನಾನೂ ಹೋಗೋಣ ಅಂತ," ಎಂದಳು ಇಷ್ಬೆಲ್. "ವ್ಯಾನಲ್ಲಿ ಜಾಗ ಇದೆ ಕಣೇ."

"ಎಲ್ಲಿದೆ?"

"ಹಿಂದೆ ಒಂದು ಸೀಟು ಇದೆ," ಎಂದಳು ಡ್ಯಾಫ್ನಿ. "ಪಕ್ಕಕ್ಕೆ ತಿರುಗಿದೆ, ಆದರೂ ಮೆತ್ತಗಿದೆ. ಕಕ್ಕಸಿನ ಬಾಗಿಲು ಸ್ವಲ್ಪ ಮಂಡಿಗೆ ತಾಗುತ್ತೆ, ಅಷ್ಟೆ."

"ನನಗೆ ಹಿಂದೆ ಕೂತರೆ ವಾಂತಿ ಬರುತ್ತೆ."

"ನೀನು ಹಿಂದೆ ಕೂತದ್ದು ಯಾವಾಗ?" ಎಂದಳು ಇಷ್ಬೆಲ್.

"ಕೂತಿಲ್ಲ, ಅದಕ್ಕೇ ಇನ್ನೂ ಬಂದಿಲ್ಲ."

ಡ್ಯಾಫ್ನಿ ನಕ್ಕಳು. ನಾನು ನಗಿಸಲು ಹೇಳಿದ್ದಲ್ಲ. ಇಷ್ಬೆಲ್ ನಡುವೆ ತಟ್ಟೆ ಇಟ್ಟಳು: ಬಟ್ಟೆಯಲ್ಲಿ ಕಟ್ಟಿ ಬೇಯಿಸಿದ ಒಣದ್ರಾಕ್ಷಿಯ ಸಿಹಿ ಡಂಪ್ಲಿಂಗ್, ಹೋಳು ಮಾಡಿ ಬೆಣ್ಣೆಯಲ್ಲಿ ಹುರಿದದ್ದು. ಹಿಂದಿನ ದಿನ ನಾನೇ ಮಾಡಿ ಕೊಟ್ಟದ್ದು. ಡ್ಯಾಫ್ನಿ ಎರಡು ಹೋಳು ತಿಂದು ಬೆರಳು ನೆಕ್ಕಿಕೊಂಡಳು.

ಅಷ್ಟಾದರೂ ನಾನು ನ್ಯಾಯವಾಗಿಯೇ ಮಾತಾಡಿದೆ. "ಡ್ರಮ್‌ಬೆಗ್ ದಾರಿಗೆ ಅಷ್ಟು ದೊಡ್ಡ ವ್ಯಾನ್ ತಗೊಂಡು ಹೋಗಬೇಡಿ. ಏರು, ತಿರುವು, ಹಿಂದೆ ತಗೊಳ್ಳೋಕೆ ಜಾಗ ಇರಲ್ಲ. ಬೋರ್ಡೇ ಹಾಕಿದ್ದಾರೆ."

"ಅಯ್ಯೋ, ಇದು ಆಲ್ಪ್ಸ್ ಹತ್ತಿ ಇಳಿದ ಗಾಡಿ," ಎಂದಳು ಡ್ಯಾಫ್ನಿ.

"ಆಲ್ಪ್ಸಲ್ಲಿ ಎರಡು ಗಾಡಿ ಹಿಡಿಸೋ ರಸ್ತೆ ಇರುತ್ತೆ."

"ಡೊಲೀನಾ," ಎಂದಳು ಇಷ್ಬೆಲ್, ಕ್ಲಾಸಿನ ದನಿಯಲ್ಲಿ. "ಹೊಟ್ಟೆಕಿಚ್ಚು ನಿನಗೆ ಒಪ್ಪಲ್ಲ."

ಹೊಟ್ಟೆಕಿಚ್ಚು ಇತ್ತು, ಯಾರು ಇಲ್ಲವೆಂದರು? ಆದರೆ ರಸ್ತೆಯೂ ಕಿರಿದಾಗಿಯೇ ಇತ್ತು. ಉರಿಯುತ್ತಿರುವವಳ ಬಾಯಿಂದ ಬಂದರೆ ನಿಜದ ಮಾತಿಗೂ ಬೆಲೆ ಇಲ್ಲ ಎಂದು ಅವತ್ತು ತಿಳಿಯಿತು. ನಾನು ಎದ್ದು ಕೋಟು ಹಾಕಿಕೊಂಡೆ.

"ನೀವಿಬ್ಬರೇ ಹೋಗಿ. ಮೇ ತಿಂಗಳಲ್ಲಿ ನನಗೆ ಬೇರೆ ಏರ್ಪಾಡಿದೆ."

"ಯಾರ ಜೊತೆ?"

"ನನಗೂ ಸ್ನೇಹಿತರಿದ್ದಾರೆ."

ಇರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಬಾಗಿಲವರೆಗೂ ಬಂದು ತಡೆಯುತ್ತಾಳೆ ಎಂದುಕೊಂಡು ಗುಂಡಿಗಳನ್ನು ನಿಧಾನವಾಗಿ ಹಾಕಿದೆ. ಒಳಗೆ ಡ್ಯಾಫ್ನಿ ಏನೋ ಹೇಳಿದಳು, ಇಷ್ಬೆಲ್ ಮತ್ತೆ ನಕ್ಕಳು.

ಮುಂದಿನ ತಿಂಗಳುಗಳಲ್ಲಿ ನಾನು ಮುಖ ಊದಿಸಿಕೊಂಡೇ ಇದ್ದೆ, ಅವಳು ಗಮನಿಸದವಳ ಹಾಗೇ ಇದ್ದಳು. ಭಾನುವಾರ ಚರ್ಚ್ ಮುಗಿದ ಮೇಲೆ ಮೆಟ್ಟಿಲ ಮೇಲೆ ನಿಂತು ಅವರ ಯೋಜನೆಯನ್ನು ವಾರವಾರವೂ ವರದಿ ಮಾಡುತ್ತಿದ್ದಳು. ಡ್ಯಾಫ್ನಿ ಹೊಸ ಕಂಬಳಿ ತಂದಳಂತೆ. ಡ್ಯಾಫ್ನಿಗೆ ನಕ್ಷತ್ರಗಳ ಹೆಸರೆಲ್ಲ ಗೊತ್ತಂತೆ. ಶನಿವಾರ ಊಟದ ಹೊತ್ತಿಗೆ ಡ್ರಮ್‌ಬೆಗ್‌ನಲ್ಲಿ ನಿಲ್ಲಿಸಿ ಕಡಲು ನೋಡುತ್ತಾರಂತೆ. ಆ ಜಾಗ ಇಷ್ಬೆಲ್‌ಗೆ ತೋರಿಸಿದವಳು ನಾನು! ಕಡಲಿನಲ್ಲಿ ಚೆಲ್ಲಿದ ಹಾಗಿರುವ ಆ ದ್ವೀಪಗಳನ್ನು ನೋಡುತ್ತ ಹನ್ನೊಂದು ಸಲ ನಾವು ಒಂದೇ ಫ್ಲಾಸ್ಕಿನ ಟೀ ಕುಡಿದಿದ್ದೇವೆ.

ಮೇ ಬಂತು. ಶುಕ್ರವಾರ ಬೆಳಿಗ್ಗೆ ಪರದೆಯ ಸಂದಿಯಿಂದ ನೋಡಿದೆ. ವ್ಯಾನಿನ ಎಡಗಡೆ, ಎತ್ತರದ ಸೀಟಿನಲ್ಲಿ ಇಷ್ಬೆಲ್ ರಾಣಿಯ ಹಾಗೆ ಕೂತಿದ್ದಳು. ನನ್ನ ಮನೆಯ ಕಡೆ ಒಮ್ಮೆ ನೋಡಿದಳು. ನಾನು ಪರದೆ ಬಿಟ್ಟೆ.

ಶನಿವಾರ ನಾನೂ ಹೊರಟೆ. ಅವರ ಹಿಂದೆ ಬಿದ್ದೆ ಎಂದು ಯಾರೂ ಹೇಳಬಾರದು ಎಂದು ಲೇರ್ಗ್ ಮೇಲೆ ಹೋಗಿ, ಆಚೆ ತುದಿಯ ಕೈಲೆಸ್ಕು ಕಡೆಯಿಂದ ಡ್ರಮ್‌ಬೆಗ್ ದಾರಿ ಹಿಡಿದೆ. ಎಂದರೆ, ಅವರಿಗೆ ಎದುರಾಗಿ. ಆ ರಸ್ತೆ ಎಲ್ಲರದು. ಎಡಗಡೆಯ ಸೀಟಿನ ಮೇಲೆ ಡಂಪ್ಲಿಂಗ್ ತುಂಬಿದ ತಗಡಿನ ಡಬ್ಬಿ ಇಟ್ಟಿದ್ದೆ. ಅದರ ಭಾರಕ್ಕೆ ಯಾರೋ ಬೆಲ್ಟ್ ಹಾಕದೆ ಕೂತಿದ್ದಾರೆಂದು ಗಾಡಿ ಕೂಗತೊಡಗಿತು. ಅದರ ಬಾಯಿ ಮುಚ್ಚಿಸಲು ಡಬ್ಬಿಗೆ ಬೆಲ್ಟ್ ಹಾಕಿದೆ.

ದಾರಿಯಲ್ಲಿ ಹಳದಿ ಹೂ ಮುಳ್ಳುಗಿಡಗಳಲ್ಲಿ ಕಿಕ್ಕಿರಿದಿತ್ತು, ಕುರಿಮರಿಗಳು ರಸ್ತೆಯಲ್ಲೇ ಮಲಗಿದ್ದವು. ಯಾವುದೂ ಮನಸ್ಸಿಗೆ ಹತ್ತಲಿಲ್ಲ. ಒಬ್ಬ ಮುದುಕ ತನ್ನ ಜೀಪನ್ನು ಪಕ್ಕಕ್ಕೆ ತೆಗೆದು ದಾರಿ ಬಿಟ್ಟ. ನಾನು ದಾಟಿಕೊಂಡು ಹೋದೆ. ಕನ್ನಡಿಯಲ್ಲಿ ನೋಡಿದರೆ ಅವನು ಕತ್ತು ಹೊರಗೆ ಹಾಕಿ ನನ್ನನ್ನೇ ನುಂಗುವ ಹಾಗೆ ನೋಡುತ್ತಿದ್ದ. ಆಗ ಹೊಳೆಯಿತು, ಯಾರೂ ಕೈ ಎತ್ತಿರಲಿಲ್ಲ. ಮುಂದೆ ಅಂಚೆ ವ್ಯಾನ್ ಬಂತು. ಈ ಸಲ ಎತ್ತಲೇಬೇಕು ಎಂದುಕೊಂಡೆ. ಕೈ ಸ್ಟಿಯರಿಂಗ್ ಬಿಟ್ಟು ಬರಲಿಲ್ಲ. ಅಂಚೆಯವನು ಬಾಯಲ್ಲಿ ಏನೋ ಅಂದ. ಅದು ಒಳ್ಳೆಯ ಮಾತಲ್ಲವೆಂದು ತುಟಿ ನೋಡಿಯೇ ತಿಳಿಯಿತು.

ನೆಡ್ ಎಂಬ ಹಳ್ಳಿ ದಾಟಿದ ಮೇಲೆ ಬರ್ಚ್ ಮರಗಳ ನಡುವೆ ಒಂದು ಇಳಿಜಾರಿದೆ, ಮೊಣಕೈ ಮಡಚಿದಂಥ ತಿರುವು. ಅಲ್ಲಿ ಎದುರಾಯಿತು ಬಿಳಿಯ ವ್ಯಾನ್. ಎರಡೂ ಗಾಡಿ ಮೂಗಿಗೆ ಮೂಗು ತಾಗುವಷ್ಟರಲ್ಲಿ ನಿಂತವು. ದಾರಿ ಬಿಡುವ ಜಾಗ ನನ್ನ ಬೆನ್ನ ಹಿಂದೆಯೇ ಇತ್ತು, ನಾಲ್ಕು ಮಾರು ದೂರ. ಅವರ ಹಿಂದೆ ಕಡಿದಾದ ತಿರುವು ಬಿಟ್ಟರೆ ಏನೂ ಇಲ್ಲ. ಸರಿಯಬೇಕಾದವಳು ನಾನು. ಅದನ್ನು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ.

ನಾನು ಎಂಜಿನ್ ಆರಿಸಿದೆ.

ಡ್ಯಾಫ್ನಿ ದೀಪ ಮಿನುಗಿಸಿದಳು. ಆಮೇಲೆ ಹಾರ್ನ್ ಹೊಡೆದಳು. ಆ ಸೀಮೆಯಲ್ಲಿ ಹಾರ್ನ್ ಹೊಡೆಯುವುದೆಂದರೆ ಮುಖಕ್ಕೆ ಉಗಿದ ಹಾಗೆ. ನಾನು ಫ್ಲಾಸ್ಕ್ ತೆಗೆದು ಟೀ ಬಗ್ಗಿಸಿಕೊಂಡೆ. ಅವಳು ಹಿಂದೆ ಹೋಗಲು ನೋಡಿದಳು. ವ್ಯಾನಿನ ಹಿಂಚಕ್ರ ಚರಂಡಿಯ ಅಂಚಿಗೆ ಹೋಗಿ ನಿಂತಿತು. ಗಾಜಿನ ಆಚೆ ಅವಳ ಮುಖ ಬಿಳಿಚಿತ್ತು. ಟೀ ಬಹಳ ರುಚಿಯಾಗಿತ್ತು.

ಇಷ್ಬೆಲ್ ಇಳಿದು ಬಂದಳು. ನನ್ನ ಕಿಟಕಿ ತಟ್ಟಿದಳು.

"ಹಿಂದೆ ತಗೋ."

"ಅವಳೇ ತಗೊಳ್ಳಲಿ. ಆಲ್ಪ್ಸ್ ಇಳಿದ ಗಾಡಿ ಅಲ್ವಾ?"

"ಜಾಗ ನಿನ್ನ ಬೆನ್ನ ಹಿಂದೇನೇ ಇದೆ ಡೊಲೀನಾ."

"ಗೊತ್ತು."

"ಇಲ್ಲಿ ಏನು ಮಾಡ್ತಿದ್ದೀಯ ನೀನು?"

"ರಸ್ತೆ ನಿಮ್ಮಪ್ಪಂದಾ?"

ಅವಳು ಬಗ್ಗಿ ಒಳಗೆ ನೋಡಿದಳು. ಬೆಲ್ಟ್ ಹಾಕಿ ಕೂರಿಸಿದ್ದ ಡಬ್ಬಿ ಕಣ್ಣಿಗೆ ಬಿತ್ತು. "ನಿನ್ನ ಸ್ನೇಹಿತರು ಇವರೇನಾ?"

ನನಗೆ ಅಳು ಬಂತು. ತಡೆಯಲಿಲ್ಲ. "ನನ್ನ ಸೀಟು ಬಿಟ್ಟು ಅವಳ ಪಕ್ಕ ಹೋಗಿ ಕೂತೆಯಲ್ಲೇ! ಅವಳು ಬಂದು ಇನ್ನೂ ವರ್ಷ ಆಗಿಲ್ಲ. ಬಾಲ್ನಕೀಲ್ ಅಂತೆ, ನಕ್ಷತ್ರ ಅಂತೆ! ನಾನು ನಿನಗೇನು ಕಡಿಮೆ ಮಾಡಿದ್ದೆ?"

ಇಷ್ಬೆಲ್ ಕಿಟಕಿಯ ಅಂಚಿಗೆ ಕೈ ಊರಿದಳು. ಈಗ ಕ್ಲಾಸಿನ ದನಿ ಇರಲಿಲ್ಲ.

"ಬಾಲ್ನಕೀಲ್ ಮರಳಲ್ಲಿ ಒಂದು ರಾತ್ರಿ ಇರೋಣ ಅಂತ ನಿನ್ನ ಎಷ್ಟು ವರ್ಷ ಕೇಳಿದೀನಿ?"

"ಥಂಡಿ ಅಂದೆ. ನಿನ್ನ ಎದೆಗೆ ಆಗಲ್ಲ ಅಂತ."

"ಎಲ್ಲಿ ನಿಲ್ಲಿಸೋದು ನೀನು ಹೇಳಿದ ಕಡೆ. ಎಲ್ಲಿ ಉಣ್ಣೋದು ನೀನು ಹೇಳಿದ ಕಡೆ. ನಕ್ಷೆ ಬಿಡಿಸ್ತಿದ್ದದ್ದು ನಾನು, ಗೀಟು ಎಳೀತಿದ್ದದ್ದು ನೀನು. ಟಾರ್ಕ್ವಿಲ್ ಇದ್ದಾಗಲೂ ಹಾಗೇ. ಬದುಕೆಲ್ಲ ಎಡಗಡೆ ಕೂತು ಕೈ ಎತ್ತಿದ್ದೇ ಆಯ್ತು ಕಣೇ ನನಗೆ. ಅವಳು ಬಂದವಳು ಮೊದಲು ಕೇಳಿದ್ದು, ಇಝಿ, ನಿನಗೆ ಎಲ್ಲಿ ಹೋಗಬೇಕು ಅಂತ."

ಅವಳು ಗಾಡಿ ಸುತ್ತಿಕೊಂಡು ಎಡಗಡೆಗೆ ಹೋಗಿ ಬಾಗಿಲು ತೆಗೆದಳು. ಡಬ್ಬಿಯ ಬೆಲ್ಟ್ ಬಿಚ್ಚಿದಳು. ಡಬ್ಬಿ ಎತ್ತಿಕೊಂಡಳು. ಗಡಿಬಿಡಿಯಿಂದ ಸೀಟಿನ ಮೇಲಿನ ಪುಡಿಯನ್ನು ಕೈಯಿಂದ ಗುಡಿಸಿದೆ. ಅವಳು ಕೂರಲಿ ಎಂದು ನನ್ನ ಚೀಲವನ್ನೂ ಹಿಂದಕ್ಕೆ ಎಸೆದೆ.

ಇಷ್ಬೆಲ್ ಮುಚ್ಚಳ ತೆಗೆದು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು.

"ಈ ಸಲ ಚೆನ್ನಾಗಿ ಬಂದಿದೆ," ಎಂದಳು. "ರಾತ್ರಿ ಅಲ್ಲಿ ಹುರ್ಕೊಂಡು ತಿಂತೀವಿ."

ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲು ಹಾಕಿದಳು. ವ್ಯಾನಿನ ಕಡೆಗೆ ನಡೆದಳು. ತಿರುಗಿ ನೋಡಲಿಲ್ಲ.

ನಾನು ಎಂಜಿನ್ ಹಾಕಿ ಹಿಂದಕ್ಕೆ ಹೋಗಿ, ಕಂಬದ ಪಕ್ಕ ಸರಿದು ನಿಂತೆ. ವ್ಯಾನ್ ಉಸಿರುಕಟ್ಟಿ ಏರಿ ಬಂತು. ಡ್ಯಾಫ್ನಿ ನನ್ನ ಕಡೆ ನೋಡಲೂ ಇಲ್ಲ. ಎರಡೂ ಕೈಯಲ್ಲಿ ಸ್ಟಿಯರಿಂಗ್ ಅಪ್ಪಿ ಹಿಡಿದಿದ್ದಳು. ಅವಳ ಆಚೆಗೆ ಇಷ್ಬೆಲ್, ತೊಡೆಯ ಮೇಲೆ ನನ್ನ ಡಬ್ಬಿ. ಹೇಗೆ ಬಂತೋ ಗೊತ್ತಿಲ್ಲ, ನನ್ನ ಕೈ ಸ್ಟಿಯರಿಂಗಿನಿಂದ ಎದ್ದು ಬಂತು. ಒಂದೇ ಬೆರಳು ಎತ್ತಿದೆ, ಅವಳು ನಮ್ಮವರಿಗೆ ಎತ್ತುವ ಹಾಗೆ.

ಇಷ್ಬೆಲ್ ನೋಡಿದಳು. ಅವಳೂ ಕೈ ಎತ್ತಿದಳು. ಐದೂ ಬೆರಳು ಬಿಡಿಸಿ, ಇಡೀ ಅಂಗೈ.

ವ್ಯಾನ್ ತಿರುವಿನಲ್ಲಿ ಮರೆಯಾದ ಮೇಲೂ ನಾನು ಅಲ್ಲೇ ಕೂತಿದ್ದೆ. ಎಡಗಡೆಯ ಸೀಟಿನಲ್ಲಿ ಭಾರವಿರಲಿಲ್ಲ. ಬೆಲ್ಟ್ ಬಿಚ್ಚಿಕೊಂಡೇ ಇದ್ದರೂ ಗಾಡಿ ಕೂಗಲಿಲ್ಲ.