ಬುಡದ ಮಣ್ಣು

ಮಾವಿನ ಮರ ಬಿದ್ದಾಗ ತುಂಗಮ್ಮ ಬಚ್ಚಲುಮನೆಯಿಂದ ಹೊರಗೆ ಬಂದು ಇನ್ನೂ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಏಪ್ರಿಲ್ ಕೊನೆಯ ವಾರ. ಬೆಳಗಿನಿಂದ ಅಂಗಳ ಕಾವಲಿಯಂತೆ ಕಾದು, ಸಂಜೆ ನಾಲ್ಕರ ಹೊತ್ತಿಗೆ ಮೋಡ ಕವಿದು, ಹುಚ್ಚು ಹಿಡಿದಂತೆ ಗಾಳಿ ಎದ್ದಿತ್ತು. ಆ ಗದ್ದಲದ ನಡುವೆ ಚಟ್ ಎಂದು ಒಂದೇ ಒಂದು ಸದ್ದು. ಜಗಲಿಯ ಮೇಲೆ ನಿಂತಿದ್ದ ವೆಂಕಟರಮಣ ತಿರುಗಿ ನೋಡುವಷ್ಟರಲ್ಲಿ ಬಚ್ಚಲುಮನೆಯೇ ಇರಲಿಲ್ಲ. ಅದಿದ್ದಲ್ಲಿ ರಾಶಿ ಸೊಪ್ಪು ಬಿದ್ದಿತ್ತು, ಸೊಪ್ಪಿನ ಸಂದಿಯಿಂದ ಹಂಡೆಯ ಬಿಸಿನೀರಿನ ಹಬೆ ಏಳುತ್ತಿತ್ತು.

"ನಾನೀಗ ಅಲ್ಲೇ ಇದ್ನಲ್ಲ," ಎಂದಳು ತುಂಗಮ್ಮ. "ಅಲ್ಲೇ ಇದ್ದೆ ಮಾರಾಯ್ರೆ," ಎಂದು ಇನ್ನೊಮ್ಮೆ ಹೇಳಿ ಮೆಟ್ಟಿಲ ಮೇಲೆ ಕುಸಿದು ಕುಳಿತಳು. ವೆಂಕಟರಮಣ ಇಳಿದು ಬಂದು ಹೆಂಡತಿಯ ಭುಜ ಹಿಡಿದುಕೊಂಡ.

ಮರದ ವಿಷಯದಲ್ಲಿ ವೆಂಕಟರಮಣ ಹೇಗೆಂದು ಹರಿಹರಪುರದ ಸುತ್ತಮುತ್ತ ಎಲ್ಲರಿಗೂ ಗೊತ್ತು. ಅಡಿಕೆ ಮರದ ಬುಡ ಮಾಡುವುದರಲ್ಲಿ, ಅಂದರೆ ಬುಡಕ್ಕೆ ಮಣ್ಣು ಏರಿಸುವುದರಲ್ಲಿ, ಅವನದು ಎತ್ತಿದ ಕೈ. ಅಡಿಕೆಗೆ ಒಂದು ಸ್ವಭಾವವಿದೆ, ವರ್ಷ ವರ್ಷ ಬುಡದಲ್ಲಿ ಒಂದಿಷ್ಟು ಮೇಲಕ್ಕೆ ಹೊಸ ಬೇರು ಬಿಡುತ್ತದೆ. ಆ ಬೇರಿಗೆ ಹೊಸ ಮಣ್ಣು, ಸೊಪ್ಪು ಕೊಟ್ಟರೆ ಮರ ಖುಷಿಯಾಗಿ ಗೊನೆ ಬಿಡುತ್ತದೆ. ಚಿಕ್ಕಂದಿನಿಂದ ಮಾಡಿದ ಕೆಲಸ, ಅವನ ಮೈಗೇ ಹತ್ತಿಬಿಟ್ಟಿತ್ತು. ಕೆಲವು ವರ್ಷಗಳ ಹಿಂದೆ ಬಿಸಿಲು ವಿಪರೀತವಾಗಿ, ಅಂಗಳದ ಮಾವಿನ ಎಲೆಗಳು ಜೋತುಬಿದ್ದಾಗ ಅವನಿಗೆ ಮರುಕ ಬಂತು. ಮಾವಿಗೆ ಏನು ಮಾಡಬೇಕೆಂದು ಯಾರನ್ನಾದರೂ ಕೇಳಬಹುದಿತ್ತು. ಆದರೆ ಮರದ ವಿಷಯವನ್ನು ವೆಂಕಟರಮಣ ಇನ್ನೊಬ್ಬರ ಹತ್ತಿರ ಕೇಳುವುದೆಂದರೇನು! ಬುಟ್ಟಿ ಎತ್ತಿದ, ತೋಟದ ಮಣ್ಣು ತಂದ, ಬುಡಕ್ಕೆ ಏರಿಸಿದ.

ಮರುವರ್ಷವೂ ಏರಿಸಿದ. ಹೀಗೆ ಮೊಣಕಾಲೆತ್ತರ ಇದ್ದದ್ದು ತೊಡೆಯೆತ್ತರವಾಯಿತು. ಸುತ್ತ ಕಲ್ಲು ಕಟ್ಟಿ, ಮೇಲೆ ಸೊಪ್ಪು ಹೊದೆಸಿ, ಬೇಸಿಗೆಯಲ್ಲಿ ದಿನಾ ಎರಡು ಕೊಡ ನೀರು ಹಾಕಿ, ಮದುಮಗಳ ಹಾಗೆ ನೋಡಿಕೊಂಡ. ತುಂಗಮ್ಮನಿಗೆ ಒಂದು ದಿನ ಜ್ವರ ಬಂದಾಗ ಕಷಾಯ ಮರೆತವನು ಮರಕ್ಕೆ ನೀರು ಮರೆಯಲಿಲ್ಲ. ಅದನ್ನು ಅವಳು ಮರೆತಿಲ್ಲ. ಮರವಾದರೂ ಒಂದು ಮಾತು ಹೇಳಬಾರದಿತ್ತೇ? ಅದು ತನ್ನ ಪಾಡಿಗೆ ಮಿಡಿ ಬಿಡುತ್ತ ನಿಂತಿತ್ತು.

ಗಾಳಿಯೇ ಹಾಗಿತ್ತು, ಯಾವ ಮರ ತಡೆದೀತು ಎಂದು ರಾತ್ರಿಯೆಲ್ಲ ತನಗೆ ತಾನೇ ಹೇಳಿಕೊಂಡು ಮಲಗಿದ. ಬೆಳಿಗ್ಗೆ ಕೊಟ್ಟಿಗೆಯ ಹಿಂದೆ ಹೋದಾಗ ಆ ಸಮಾಧಾನ ಉಳಿಯಲಿಲ್ಲ. ಅಲ್ಲಿದ್ದ ಕಾಡುಮಾವಿನ ಕಡೆ ಅವನು ಜನ್ಮದಲ್ಲಿ ಒಂದು ಚೊಂಬು ನೀರು ಚೆಲ್ಲಿದವನಲ್ಲ. ಅದು ನಾಲ್ಕು ಎಲೆ ಉದುರಿಸಿಕೊಂಡು ಆರಾಮಾಗಿ ನಿಂತಿತ್ತು.

ವೆಂಕಟರಮಣ ಕತ್ತಿ ತೆಗೆದುಕೊಂಡು ಬಿದ್ದ ಮರದ ಹತ್ತಿರ ಹೋದ. ಬೇರು ಒಂದೂ ಎದ್ದಿರಲಿಲ್ಲ. ಕಾಂಡ ಮಣ್ಣಿನ ಏರಿಯೊಳಗೇ ಮುರಿದಿತ್ತು. ಹಾರೆ ತಂದು ಕಲ್ಲು ಕೆಡವಿ, ಮಣ್ಣು ಸರಿಸಿದ. ಕೊಳೆತ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಕೈಯಿಟ್ಟರೆ ತೊಗಟೆ ನೆನೆದ ಹಪ್ಪಳದಂತೆ ಕಿತ್ತು ಬಂತು, ಅದರ ಕೆಳಗಿನ ಮರವೂ ಪುಡಿಪುಡಿ. ಮಣ್ಣು ಮುಟ್ಟದ ಕಡೆ ನೋಡಿದ, ಕಾಂಡ ಕಲ್ಲಿನಂತೆ ಗಟ್ಟಿ. ಮಣ್ಣು ಮುಟ್ಟಿದ ಕಡೆಯೆಲ್ಲ ಕಪ್ಪು. ಎರಡರ ನಡುವೆ ಸುತ್ತಲೂ ಒಂದು ಗೆರೆ. ಆ ಗೆರೆಯ ಎತ್ತರ ಅವನಿಗೆ ಚೆನ್ನಾಗಿ ಗೊತ್ತಿತ್ತು, ಅದು ಅವನೇ ಪ್ರತಿವರ್ಷ ಸವರಿ ಸಮಮಾಡಿದ ಎತ್ತರ.

"ತುಂಗಾ," ಎಂದು ಕರೆದ. ಅವಳು ಬಂದಳು.

"ಇದನ್ನ ಗಾಳಿ ಕೆಡವಿದ್ದಲ್ಲ ಕಣೆ. ನಾನೇ. ಅಡಿಕೆ ಅಂದ್ಕೊಂಡು ಮಣ್ಣು ಹಾಕಿ ಹಾಕಿ ಉಸಿರು ಕಟ್ಟಿಸ್ಬಿಟ್ಟೆ. ಒಳಗಿಂದೊಳಗೆ ಕೊಳೆಸಿಟ್ಟಿದ್ದೀನಿ ನೋಡು."

ತುಂಗಮ್ಮ ಮರವನ್ನು ನೋಡಲಿಲ್ಲ. ಗಂಡನ ಮುಖವನ್ನೇ ನೋಡುತ್ತ ನಿಂತವಳು ಮೆಲ್ಲಗೆ ಕೇಳಿದಳು, "ಹಂಗಾದ್ರೆ ಜ್ಯೋತ್ಸ್ನಾ ಮನೇದು?"

ವೆಂಕಟರಮಣ ಹಾರೆ ಬಿಸಾಡಿ ಫೋನ್ ತರಲು ಒಳಗೆ ಓಡಿದ.

ಮಗಳು ಜ್ಯೋತ್ಸ್ನಾಳನ್ನು ಬಸರೀಕಟ್ಟೆಗೆ ಕೊಟ್ಟು ಮೂರು ವರ್ಷ. ಆ ಮನೆಯ ಪಕ್ಕದಲ್ಲಿ ಒಂದು ಹಳೆಯ ಹಲಸಿನ ಮರ, ಮಗಳ ಕೋಣೆಯ ಹೆಂಚಿನ ಮೇಲೇ ಬಾಗಿಕೊಂಡಿದೆ. ಮಗಳ ಮನೆಗೆ ಹೋಗುವಾಗ ಬೇರೆ ಅಪ್ಪಂದಿರು ಹೂವು ಹಣ್ಣು ಒಯ್ಯುತ್ತಾರೆ. ಈ ಮಹಾರಾಯ ಜೀಪಿನಲ್ಲಿ ತನ್ನ ತೋಟದ ಮಣ್ಣು ತುಂಬಿಕೊಂಡು ಹೋಗುತ್ತಿದ್ದ! ಬೀಗರು ಒಳಗೊಳಗೇ ನಗುತ್ತಿದ್ದರು. ಇವನು ಪಂಚೆ ಎತ್ತಿ ಕಟ್ಟಿ ಹಲಸಿನ ಬುಡಕ್ಕೆ ಮಣ್ಣು ಏರಿಸಿ, ಸುತ್ತ ಕಲ್ಲು ಕಟ್ಟಿಯೇ ಕಾಫಿಗೆ ಕೂರುತ್ತಿದ್ದ. ತಿಂಗಳ ಹಿಂದೆ ಬಾಣಂತನ ಮುಗಿಸಿ ಮಗಳನ್ನೂ ಮೊಮ್ಮಗಳನ್ನೂ ಬಿಟ್ಟುಬರುವಾಗಲಂತೂ, ಕೂಸಿನ ತಲೆಯ ಮೇಲಿನ ಮರ ಗಟ್ಟಿಯಾಗಿರಲೆಂದು ದುಪ್ಪಟ್ಟು ಹಾಕಿ ಬಂದಿದ್ದ. ಕೂಸಿನ ತೊಟ್ಟಿಲು ಅದೇ ಕೋಣೆಯಲ್ಲಿದೆ.

ಫೋನ್ ಮಾಡಿದರೆ ನೆಟ್‌ವರ್ಕ್ ಇಲ್ಲ. ಹಿಂದಿನ ಸಂಜೆಯ ಗಾಳಿಗೆ ಎಲ್ಲೆಲ್ಲೂ ಕರೆಂಟ್ ಹೋಗಿ ಟವರುಗಳೂ ಮಲಗಿದ್ದವು. ನಿನ್ನೆಯದೇ ಬಿಸಿಲು ಇವತ್ತೂ ಹೊತ್ತಿಕೊಂಡಿತ್ತು. ಅಂದರೆ ನಿನ್ನೆಯದೇ ಗಾಳಿ ಇವತ್ತೂ ಬರುತ್ತದೆ.

"ಹೊರಡಿ," ಎಂದಳು ತುಂಗಮ್ಮ. "ನಾಲ್ಕರೊಳಗೆ ಕೂಸನ್ನ ಆ ಕೋಣೆಯಿಂದ ಆಚೆ ತನ್ನಿ. ಆಮೇಲೆ ಮರ ಕಡಿಸೋದೋ ಎಂತದೋ ನೋಡಿ."

ಕೊಪ್ಪ ದಾಟುವವರೆಗೆ ಪರವಾಗಿರಲಿಲ್ಲ. ಜಯಪುರದ ಆಚೆ ರಸ್ತೆಗೆ ಅಡ್ಡಲಾಗಿ ಸಿಲ್ವರ್ ಓಕ್ ಮರಗಳು ಮಲಗಿದ್ದವು. ಒಂದನ್ನು ಕಡಿದು ಸರಿಸುವವರೆಗೆ ಕಾದ. ಎರಡನೆಯದರ ಹತ್ತಿರ ಕಾಯುವ ತಾಳ್ಮೆ ಉಳಿಯಲಿಲ್ಲ. ಜೀಪನ್ನು ಬದಿಗೆ ಹಾಕಿ, ಕೊಂಬೆಗಳ ಮೇಲೆ ಹತ್ತಿ ಇಳಿದು, ಆಚೆ ನಿಂತಿದ್ದ ಎಸ್ಟೇಟ್ ಜೀಪಿನವನ ಕೈಕಾಲು ಹಿಡಿದು ಹತ್ತಿಕೊಂಡ. ದಾರಿಯುದ್ದಕ್ಕೂ ಅವನಿಗೆ ಕಂಡದ್ದು ಒಂದೇ ಚಿತ್ರ, ಸೊಪ್ಪಿನ ಸಂದಿಯಿಂದ ಏಳುತ್ತಿದ್ದ ಆ ಹಬೆ. ನಿನ್ನೆಯೇ ಬಿದ್ದುಹೋಗಿದ್ದರೆ? ಸುದ್ದಿ ಬರಲು ಫೋನಾದರೂ ಎಲ್ಲಿದೆ? ಅಪ್ಪನಾದವನು ಮಗಳ ಮನೆಗೆ ಸಾವನ್ನು ಬುಟ್ಟಿ ಬುಟ್ಟಿಯಾಗಿ ಹೊತ್ತುಹಾಕಿದೆನಲ್ಲ ಎಂದು ತನ್ನನ್ನೇ ಬೈದುಕೊಂಡ.

ಮನೆಯ ತಿರುವಿನಲ್ಲಿ ಇಳಿದವನು ಓಡಿದ. ಐವತ್ತೆಂಟರ ವಯಸ್ಸಿನಲ್ಲಿ ಅವನು ಹಾಗೆ ಓಡಿದ್ದನ್ನು ಯಾರೂ ನೋಡಿರಲಿಲ್ಲ. ಹೆಂಚು ಕಂಡಿತು, ಹೆಂಚಿನ ಮೇಲೆ ಹಲಸಿನ ಕೊಂಬೆ ಕಂಡಿತು. ಮರ ನಿಂತಿದೆ. ಜೀವ ಬಂದಂತಾಗಿ, ಅಂಗಳಕ್ಕೆ ಕಾಲಿಟ್ಟು, ಬುಡದ ಕಡೆ ನೋಡಿದವನು ಗರಬಡಿದವನಂತೆ ನಿಂತುಬಿಟ್ಟ.

ಬುಡ ಬರಿದಾಗಿತ್ತು.

ಒಂದು ಬುಟ್ಟಿ ಮಣ್ಣಿಲ್ಲ. ದಪ್ಪ ಬೇರುಗಳು ಕೋಳಿಯ ಪಾದದಂತೆ ನೆಲದ ಮೇಲೆ ಕಾಲು ಚಾಚಿಕೊಂಡಿದ್ದವು. ಅವನು ಕಟ್ಟಿದ ಕಲ್ಲುಗಳನ್ನು ಗೋಡೆಯ ಬದಿಗೆ ಒಪ್ಪವಾಗಿ ಜೋಡಿಸಿಟ್ಟಿದ್ದರು. ಗೋಡೆಯುದ್ದಕ್ಕೂ ಒಂದು ಹೊಸ ಪಾತಿ, ಅದರಲ್ಲಿ ಡೇರೆ ಹೂವಿನ ಗೆಡ್ಡೆಗಳು ಆಗಷ್ಟೇ ಚಿಗುರೊಡೆದಿದ್ದವು. ಪಾತಿಯ ಮಣ್ಣು ಕಪ್ಪಗೆ, ಮೆತ್ತಗೆ ಇತ್ತು. ತನ್ನ ತೋಟದ ಮಣ್ಣನ್ನು ವೆಂಕಟರಮಣ ಕತ್ತಲಲ್ಲಿ ಮುಟ್ಟಿದರೂ ಗುರುತಿಸುತ್ತಿದ್ದ.

"ಅಪ್ಪಾ!" ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಿಗೆ ಬಂದ ಜ್ಯೋತ್ಸ್ನಾಳ ಮುಖ ಬಿಳುಚಿಕೊಂಡಿತು. "ಫೋನ್ ಮಾಡ್ದೆ ಬಂದ್ಬಿಟ್ರಾ?"

"ಮಣ್ಣೆಲ್ಲಿ ಮಗಾ?"

ಅವಳು ಮರವನ್ನು ನೋಡಿದಳು, ಪಾತಿಯನ್ನು ನೋಡಿದಳು. ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. "ಡೇರೆಗೆ ಹಾಕ್ದೆ. ಇಲ್ಲಿ ಮಣ್ಣು ಬರೀ ಜಂಬಿಟ್ಟಿಗೆ ಅಪ್ಪ, ಕಲ್ಲಿನ ಹಂಗೆ ಗಟ್ಟಿ, ಎಂತ ಹಾಕಿದ್ರೂ ಏಳಲ್ಲ. ನಿಮ್ ಮಣ್ಣಲ್ಲಿ ಹೂವು ತಟ್ಟೆಯಷ್ಟಗಲ ಆಗುತ್ತೆ."

"ಯಾವಾಗ ತೆಗ್ದೆ?"

"ಪ್ರತಿ ಸಲನೂ. ನಿಮ್ ಜೀಪು ಹೋದ್ ಮಾರನೇ ದಿನವೇ." ಅವಳ ಕಣ್ಣಲ್ಲಿ ನೀರು ಬಂದಿತ್ತು. "ಬರ್ತೀನಿ ಅಂತ ನೀವು ಫೋನ್ ಮಾಡಿದ್ರೆ, ನಾನೂ ಅವ್ರೂ ಕೂತು ಒಂದಿಷ್ಟು ಮಣ್ಣು ವಾಪಸ್ ಹಾಕಿ ಇಡ್ತಿದ್ವಿ. ನಿಮಗೆ ಬೇಜಾರಾಗ್ಬಾರ್ದು ಅಂತ. ಈಗ್ಲೇ ಹಾಕ್ತೀನಿ ಅಪ್ಪ, ಸಿಟ್ಟು ಮಾಡ್ಕೋಬೇಡಿ." ಹೇಳುತ್ತಲೇ ಗೋಡೆಗೊರಗಿಸಿದ್ದ ಬುಟ್ಟಿಗೆ ಕೈ ಹಾಕಿದಳು.

ವೆಂಕಟರಮಣ ಆ ಬುಟ್ಟಿಯನ್ನು ಕಿತ್ತುಕೊಂಡು ಅಂಗಳದಾಚೆ ಎಸೆದ. ಮರದ ಬುಡದಲ್ಲಿ ಮಂಡಿಯೂರಿ ಕುಳಿತು, ಹರಿಹರಪುರದಲ್ಲಿ ಪುಡಿಯಾದ ಅದೇ ಜಾಗವನ್ನು ಇಲ್ಲಿ ಉಗುರಿನಿಂದ ಒತ್ತಿದ. ಉಗುರು ಇಳಿಯಲಿಲ್ಲ. ಜೇಬಿನ ಚಾಕುವಿನಿಂದ ಚೂರು ಗೀರಿದ. ಬಿಳಿಯ ಹಾಲು ಬುಳುಬುಳು ಉಕ್ಕಿ ಬೆರಳುಗಳ ಮೇಲೆ ಹರಿಯಿತು. ಅದನ್ನು ನೋಡಿದ್ದೇ ತಡ, ಅವನು ಗಟ್ಟಿಯಾಗಿ ಅತ್ತುಬಿಟ್ಟ.

"ಎಂತಾಯ್ತಪ್ಪ?"

"ನಮ್ಮನೆ ಮಾವು ಬಿತ್ತು ಮಗಾ. ಬಚ್ಚಲುಮನೆ ಮೇಲೆ. ಅಮ್ಮ ಆಗ್ತಾನೆ ಆಚೆ ಬಂದಿದ್ಲು." ಉಸಿರು ಎಳೆದುಕೊಂಡ. "ನಾನ್ ಹಾಕಿದ್ ಮಣ್ಣಿಂದಾನೇ ಬುಡ ಕೊಳ್ತಿತ್ತು. ಇದಕ್ಕೂ ಅದನ್ನೇ ಹಾಕಿದ್ನಲ್ಲ ಅಂತ ಓಡ್ಬಂದೆ."

ಜ್ಯೋತ್ಸ್ನಾ ಕೂಸನ್ನು ಎದೆಗೆ ಅವುಚಿಕೊಂಡು ಮರದ ಕೊಂಬೆಯನ್ನು, ಅದರ ಕೆಳಗಿನ ತನ್ನ ಕೋಣೆಯ ಹೆಂಚನ್ನು ನೋಡಿದಳು.

ನಾಲ್ಕಕ್ಕೆ ಸರಿಯಾಗಿ ಗಾಳಿ ಬಂತು. ಎಷ್ಟೇ ಗಟ್ಟಿ ಮರವಾದರೂ ಇವತ್ತು ಬೇಡವೆಂದು ತೊಟ್ಟಿಲನ್ನು ನಡುಮನೆಗೆ ತಂದು ಕಟ್ಟಿದ್ದರು. ಹಲಸು ಓಲಾಡಿತು, ಹೆಂಚಿನ ಮೇಲೆ ಎಳೆಗಾಯಿ ಒಂದು ದಡ್ಡೆಂದು ಉರುಳಿತು. ವೆಂಕಟರಮಣ ತೊಟ್ಟಿಲ ಹಗ್ಗ ಹಿಡಿದುಕೊಂಡು ಕಿಟಕಿಯನ್ನೇ ನೋಡುತ್ತ ಕುಳಿತಿದ್ದ. ಮಳೆ ಕಡಿಮೆಯಾದ ಮೇಲೆ ನೋಡಿದರೆ ಮರ ಇದ್ದಲ್ಲೇ ಇತ್ತು.

"ಇನ್ಮೇಲೆ ನಾನು ಬರೋ ದಿನಾನೂ ಮಣ್ಣು ಹಾಕ್ಬೇಡ," ಎಂದ.

ಅವನ ಬೆರಳುಗಳು ಹಲಸಿನ ಹಾಲಿಗೆ ಒಂದಕ್ಕೊಂದು ಅಂಟಿ, ತೊಟ್ಟಿಲ ಹಗ್ಗಕ್ಕೂ ಅಂಟಿಕೊಂಡಿದ್ದವು. ಜ್ಯೋತ್ಸ್ನಾ ಅದನ್ನು ನೋಡಿ, "ಕೊಬ್ಬರಿ ಎಣ್ಣೆ ತರ್ತೀನಿ ಇರಿ, ನೀರಿಗೆ ಹೋಗಲ್ಲ ಅದು," ಎಂದು ಎದ್ದಳು.

"ಇರ್ಲಿ ಬಿಡು ಮಗಾ," ಎಂದ ವೆಂಕಟರಮಣ. "ಸ್ವಲ್ಪ ಹೊತ್ತು ಇರ್ಲಿ."